ಮನೆ ಮಂಜೂರಾಗಿದೆ, ನೆಲ ಎಲ್ಲಿದೆ?

ನಮ್ಮ ಕಡೆ ಮನೆಯನ್ನು ಕಟ್ಟುವುದಕ್ಕಿಂತ ಮೊದಲು ಅದು ಸರ್ಕಾರದ ಯೋಜನೆಯಲ್ಲಿ ‘ಬರಬೇಕು’. ಬಸ್ಸು ಬಂತಾ, ಮಳೆ ಬಂತಾ ಎಂದು ಕೇಳುವ ದನಿಯಲ್ಲೇ ಜನ ‘ಮನೆ ಬಂತಾ?’ ಎಂದು ಕೇಳುತ್ತಾರೆ. 2015ರಿಂದ 2020ರವರೆಗೆ ಒಂದು ಅವಧಿಗೆ ನಾನು ಕುಮಟಾ ತಾಲೂಕಿನ, ಅಘನಾಶಿನಿ ಹೊಳೆದಂಡೆಯ ಒಂದು ಗ್ರಾಮ ಪಂಚಾಯತಿಯ ಸದಸ್ಯೆಯಾಗಿದ್ದೆ. ಆ ಐದು ವರ್ಷಗಳಲ್ಲಿ ರಸ್ತೆ, ನೀರು, ಬೀದಿದೀಪಗಳ ಬಗ್ಗೆ ಕೇಳಿದವರಿಗಿಂತ ಈ ಪ್ರಶ್ನೆ ಕೇಳಿದವರೇ ಹೆಚ್ಚು. ಗ್ರಾಮಸಭೆಗೆ ಬೇರೆ ದಿನ ಕುರ್ಚಿ ತುಂಬುವಷ್ಟು ಜನ ಸೇರದಿದ್ದರೂ ಮನೆಪಟ್ಟಿ ಓದುವ ದಿನ ಶಾಲೆಯ ಜಗುಲಿ ಸಾಲದೆ ಅಂಗಳದಲ್ಲೂ ಜನ ನಿಂತಿರುತ್ತಿದ್ದರು.

ಅಂಥ ಒಂದು ಸಭೆಯಲ್ಲಿ, 2017ರಲ್ಲಿ, ಹೊಳೆಯಾಚೆಯ ಕೇರಿಯ ಒಬ್ಬ ಅಕ್ಕನ ಹೆಸರು ಪಟ್ಟಿಯಲ್ಲಿ ಬಂತು. ಗಂಡ ತೀರಿಕೊಂಡ ಮೇಲೆ ಗದ್ದೆ ಕೂಲಿ, ಬೇಸಿಗೆಯಲ್ಲಿ ಬಳಚು (ಹೊಳೆಯ ಚಿಪ್ಪುಮೀನು) ಆರಿಸುವುದು, ಮಳೆಗಾಲದಲ್ಲಿ ಸಿಕ್ಕಿದ್ದು ಎಂದು ಇಬ್ಬರು ಮಕ್ಕಳನ್ನು ಸಾಕಿದವರು ಅವರು. ಹೆಸರು ಓದಿದಾಗ ಸಭೆಯಲ್ಲಿ ಒಂದಿಬ್ಬರು ಚಪ್ಪಾಳೆ ತಟ್ಟಿದರು. ಸಭೆ ಮುಗಿದ ಮೇಲೆ ಅವರು ನನ್ನ ಹತ್ತಿರ ಬಂದು ಹೇಳಿದ ಮಾತು ಇದು: “ದುಡ್ಡು ಬಂದ್ರೆ ಸಾಕಾ ತಂಗಿ? ಮನೆ ಆಕಾಶ್ದಲ್ಲಿ ಕಟ್ಟೂದಾ?” ನಾನು ಆ ಹೊತ್ತಿಗೆ ನಕ್ಕುಬಿಟ್ಟೆ. ಎರಡು ವರ್ಷ ಅವರ ಕಾಗದ ಹಿಡಿದು ತಿರುಗಿದ ಮೇಲೆ, ಉತ್ತರ ಕನ್ನಡದ ವಸತಿ ಸಮಸ್ಯೆಯನ್ನು ಅದಕ್ಕಿಂತ ಚಿಕ್ಕದಾಗಿ ಹೇಳಲು ಬರುವುದಿಲ್ಲ ಎಂದು ತಿಳಿಯಿತು.

ಈ ಜಿಲ್ಲೆಯ ವಿಸ್ತೀರ್ಣ 10,000 ಚದರ ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 14.37 ಲಕ್ಷ, ಅಂದರೆ ಚದರ ಕಿಲೋಮೀಟರಿಗೆ 140 ಜನ. ಬೆಂಗಳೂರಿನವರು ಈ ಅಂಕಿ ಕೇಳಿದರೆ ‘ನಿಮಗೇನು ಜಾಗದ ಬರ’ ಎನ್ನುತ್ತಾರೆ. ಆದರೆ ಜಿಲ್ಲೆಯ ಸುಮಾರು ಶೇ. 80 ಭಾಗ ದಾಖಲೆಯಲ್ಲಿ ಅರಣ್ಯ. ಉಳಿದದ್ದರಲ್ಲಿ ಗದ್ದೆ, ತೋಟ, ಗಜನಿ (ಹೊಳೆಯಂಚಿನ ಉಪ್ಪುನೀರಿನ ಗದ್ದೆ), ಹೊಳೆ, ಹೆದ್ದಾರಿ, ರೈಲುಹಳಿಗಳನ್ನು ಕಳೆದರೆ ಮನೆ ಕಟ್ಟಲು ಉಳಿಯುವುದು ತೀರ ಸಣ್ಣ ಪಾಲು, ಅದರಲ್ಲಿ ಬಡವರ ಹೆಸರಿನಲ್ಲಿರುವುದು ಇನ್ನೂ ಸಣ್ಣದು. ‘ಅರಣ್ಯ’ ಎಂಬ ಶಬ್ದವನ್ನು ಇಲ್ಲಿ ಜಾಗ್ರತೆಯಿಂದ ಓದಬೇಕು. ಹೊರಗಿನವರ ಕಣ್ಣಿಗೆ ಹುಲಿ, ಕಾಡುಕೋಣ ಇರುವ ಕಾಡು ಕಂಡರೆ, ನಮ್ಮ ಪಹಣಿಗಳಲ್ಲಿ ಊರೊಟ್ಟಿನ ಸಣ್ಣ ಕಾಡಾದ ಹಾಡಿ, ದನ ಮೇಯುವ ಬೇಣ, ಶಾಲೆಯ ಹಿಂದಿನ ಗುಡ್ಡ, ಮೂರು ತಲೆಮಾರಿನಿಂದ ದೀಪ ಹಚ್ಚುತ್ತಿರುವ ಕೇರಿ ಎಲ್ಲವೂ ಅರಣ್ಯವೇ ಆಗಿರುವುದುಂಟು. ನನ್ನ ತವರು ಶಿರಸಿ ತಾಲೂಕಿನಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬ್ರಿಟಿಷರ ಕಾಲದಲ್ಲೇ ಬಿಟ್ಟುಕೊಡಲಾಗಿತ್ತು. ಅದು ಸೊಪ್ಪು, ದರಕು (ಒಣಗಿದ ಎಲೆ) ತರುವ ಹಕ್ಕು, ಮನೆ ಕಟ್ಟುವ ಹಕ್ಕಲ್ಲ. ತೋಟವಿದ್ದವರಿಗೆ ಬೆಟ್ಟ ಸಿಕ್ಕಿತು, ಆ ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವವರಿಗೆ ಗುಡಿಸಲು ಹಾಕಲು ತೋಟದ ಒಡೆಯರು ತೋರಿಸಿದ ಮೂಲೆ ಸಿಕ್ಕಿತು. ಎಪ್ಪತ್ತರ ದಶಕದ ಭೂಸುಧಾರಣೆ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು ನಿಜ. ಕೂಲಿ ಮಾತ್ರ ಮಾಡುತ್ತಿದ್ದವರ ಕೈಗೆ ಅದರಿಂದ ಬಂದದ್ದು ಕಡಿಮೆ. ಇದನ್ನು ತೋಟದ ಮನೆಯ ಮಗಳಾಗಿ ಹೇಳುವಾಗ ನನಗೆ ಮುಜುಗರವಿದೆ, ಆದರೂ ಹೇಳಬೇಕಾದದ್ದೇ.

ಆ ಅಕ್ಕ ವಾಸವಿದ್ದ ಗುಡಿಸಲು ಹಾಡಿಯ ಅಂಚಿನಲ್ಲಿತ್ತು. ಕಂದಾಯ ಇಲಾಖೆಯ ಜಾಗವಾಗಿದ್ದರೆ ಭೂ ಕಂದಾಯ ಕಾಯ್ದೆಯ 94ಸಿ ಕಲಮಿನ ಅಡಿ ಅರ್ಜಿ ಕೊಟ್ಟು ಇದ್ದ ಮನೆಯ ಅಡಿಯ ಜಾಗವನ್ನು ಸಕ್ರಮ ಮಾಡಿಸಿಕೊಳ್ಳುವ ದಾರಿಯಿತ್ತು. ಪಹಣಿ ತೆಗೆಸಿ ನೋಡಿದರೆ ಅರಣ್ಯ ಎಂದಿತ್ತು. ಅಲ್ಲಿಗೆ 94ಸಿ ಬಾಗಿಲು ಮುಚ್ಚಿತು. ಉಳಿದದ್ದು ಅರಣ್ಯ ಹಕ್ಕು ಕಾಯ್ದೆ, ಜನರ ಬಾಯಲ್ಲಿ ‘ಜಿಪಿಎಸ್ ಮಾಡಿಸುವುದು’. 2006ರಲ್ಲಿ ಸಂಸತ್ತು ಒಪ್ಪಿದ ಈ ಕಾಯ್ದೆ 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಅರಣ್ಯದಲ್ಲಿ ನೆಲೆಸಿದವರಿಗೆ ಹಕ್ಕು ಕೊಡುತ್ತದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದು ಕಾಡನ್ನು ಅವಲಂಬಿಸಿದ್ದೆವೆಂದು ತೋರಿಸಬೇಕು. 75 ವರ್ಷದ ಹಿಂದೆ ಕೂಲಿಯವರ ಮನೆಗೆ ಯಾರು ಕಾಗದ ಕೊಟ್ಟಿದ್ದರು? ಕಾಯ್ದೆಯ ನಿಯಮಗಳು ಈ ಮಾತನ್ನು ಯೋಚಿಸಿಯೇ ಬರೆದಂತಿವೆ: ಹಳೆಯ ಬಾವಿ, ಸ್ಮಶಾನ, ದೇವರ ಸ್ಥಳ, ಊರಿನ ಹಿರಿಯರ ಲಿಖಿತ ಹೇಳಿಕೆ ಇವೆಲ್ಲವನ್ನೂ ಪುರಾವೆ ಎಂದು ಒಪ್ಪಬಹುದು. ನಮ್ಮ ಅರಣ್ಯ ಹಕ್ಕು ಸಮಿತಿಯವರು ಬಾವಿಯ ಫೋಟೋ ತೆಗೆದರು, ಎಂಬತ್ತು ದಾಟಿದ ಇಬ್ಬರು ಹಿರಿಯರ ಹೇಳಿಕೆ ಬರೆದುಕೊಂಡರು, ಹೆಬ್ಬೆಟ್ಟು ಒತ್ತಿಸಿದರು. ಮೇಲಿನ ಹಂತದಿಂದ ಕಡತ ‘ದಾಖಲೆ ಸಾಲದು’ ಎಂಬ ಒಂದು ಸಾಲಿನೊಂದಿಗೆ ಹಿಂದೆ ಬಂತು. ಯಾವ ದಾಖಲೆ ಸಾಲದು ಎಂದು ಅದರಲ್ಲಿ ಬರೆದಿರಲಿಲ್ಲ. ತಿರಸ್ಕೃತ ಅರ್ಜಿದಾರರನ್ನು ಒಕ್ಕಲೆಬ್ಬಿಸಬೇಕೆಂಬ ಸುಪ್ರೀಂ ಕೋರ್ಟಿನ ಆದೇಶ 2019ರ ಫೆಬ್ರುವರಿ 13ರಂದು ಬಂದಾಗ ಆ ಅಕ್ಕ ರಾತ್ರಿ ಎಂಟು ಗಂಟೆಗೆ ನಮ್ಮ ಮನೆಯ ಮೆಟ್ಟಿಲಲ್ಲಿ ಬಂದು ಕುಳಿತಿದ್ದರು. ಅದೇ ತಿಂಗಳ 28ರಂದು ಆ ಆದೇಶಕ್ಕೆ ತಡೆ ಬಂತು. ಆ ಎರಡು ವಾರ ಈ ಜಿಲ್ಲೆಯ ಎಷ್ಟು ಮನೆಗಳಲ್ಲಿ ಜನ ಸರಿಯಾಗಿ ನಿದ್ದೆ ಮಾಡಲಿಲ್ಲವೋ.

ಹಾಗೆಂದು ಕಾಡು ಕಡಿದು ಸೈಟು ಹಂಚಬೇಕೆಂದು ನಾನು ವಾದಿಸುತ್ತಿಲ್ಲ. 1983ರಲ್ಲಿ ಸಲ್ಕಣಿಯ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡ ಜನರ ನಾಡಿನಲ್ಲಿ ಹುಟ್ಟಿದವಳು ನಾನು. ಚಿಕ್ಕಂದಿನಲ್ಲಿ ಆ ಅಪ್ಪಿಕೋ ಚಳವಳಿಯ ಮಾತು ಕೇಳುತ್ತಲೇ ಬೆಳೆದೆ. ನನ್ನ ತಕರಾರು ಇಷ್ಟೇ: ಕಾಡು ಯಾವುದು, ಊರು ಯಾವುದು ಎಂಬ ಗೆರೆಯನ್ನು ನೆಲದ ಮೇಲೆ ನಡೆದು ನೋಡಿ ಎಳೆಯದೆ, ಆ ಗೆರೆ ಸರಿಯಾಗುವ ಮೊದಲೇ ವಸತಿ ಯೋಜನೆಯ ಗುರಿಯನ್ನು ಪಂಚಾಯತಿಗೆ ಕಳಿಸುತ್ತಾರೆ. ಗುರಿ ಬಂದ ಮೇಲೆ ಮನೆ ಮುಗಿಸಿದ ಲೆಕ್ಕ ಕೊಡಬೇಕು. ನಿವೇಶನವಿದ್ದವರ ಹೆಸರು ಮುಂದೆ ಬರುತ್ತದೆ, ಇಲ್ಲದವರ ಹೆಸರು ‘ಮುಂದಿನ ಸಾಲಿಗೆ’ ಹೋಗುತ್ತದೆ. ಅತ್ಯಂತ ಅಗತ್ಯವಿದ್ದವರು ಹೀಗೆ ವರ್ಷ ವರ್ಷವೂ ಹಿಂದೆ ಸರಿಯುತ್ತಾ ಹೋಗುತ್ತಾರೆ, ಯಾರೂ ಅವರನ್ನು ಬೇಕೆಂದು ಹಿಂದೆ ತಳ್ಳಿರುವುದಿಲ್ಲ.

ಸಮುದ್ರದ ಅಂಚಿನಲ್ಲಿ ಕಾಡಿನ ಬದಲು ಇನ್ನೊಂದು ಗೆರೆಯಿದೆ. 1991ರಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂದಾಗ ಹಳ್ಳಿಗಾಡಿನ ದಂಡೆಯಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಕೂಡದೆಂದಾಯಿತು. 2011ರ ಅಧಿಸೂಚನೆ ಮೀನುಗಾರರ ಮನೆಗಳಿಗೆ 100ರಿಂದ 200 ಮೀಟರ್ ನಡುವೆ ಅವಕಾಶ ತೆರೆಯಿತು. 2019ರದ್ದು ಇನ್ನೊಂದು ಹೆಜ್ಜೆ ಮುಂದೆ ಹೋಗಿ, 2011ರ ಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಗ್ರಾಮಪ್ರದೇಶಗಳಲ್ಲಿ ನಿಷೇಧದ ಅಗಲವನ್ನು 50 ಮೀಟರಿಗೆ ಇಳಿಸಿತು, ಉಳಿದೆಡೆ 200 ಮೀಟರೇ. ಇದನ್ನು ಓದಿದಾಗ ನನಗೆ ಮೊದಲು ಹೊಳೆದದ್ದು ನಮ್ಮ ಕಂದಾಯ ಗ್ರಾಮಗಳ ಆಕಾರ. ಇಲ್ಲಿ ಒಂದು ಗ್ರಾಮವೆಂದರೆ ಕಡಲಿನಿಂದ ಗುಡ್ಡದ ನೆತ್ತಿಯವರೆಗೆ ಚಾಚಿದ ಪಟ್ಟಿ. ಕೆಳಗೆ ಮೀನುಗಾರರ ಕೇರಿಯಲ್ಲಿ ಒಂದು ಮನೆಯ ಸೂರಿನ ನೀರು ಇನ್ನೊಂದು ಮನೆಯ ಗೋಡೆಗೆ ಬೀಳುವಷ್ಟು ಒತ್ತಾಗಿ ಜನರಿದ್ದರೂ, ಗ್ರಾಮದ ಒಟ್ಟು ವಿಸ್ತೀರ್ಣಕ್ಕೆ ಭಾಗಿಸಿದಾಗ ಮೇಲಿನ ಬೋಳುಗುಡ್ಡವೂ ಲೆಕ್ಕಕ್ಕೆ ಸೇರಿ ಸಾಂದ್ರತೆ ಇಳಿಯುತ್ತದೆ. ಕೇರಿಯನ್ನು ಕೇರಿಯಾಗಿ ಎಣಿಸುವ ಅಂಕಣ ಯಾವ ಗಣತಿಯಲ್ಲೂ ಇಲ್ಲ. ಇದರ ಜೊತೆಗೆ ಗೋಕರ್ಣದ ಸುತ್ತ ಹೋಂ ಸ್ಟೇ, ರೆಸಾರ್ಟುಗಳಿಗಾಗಿ ಜಾಗದ ಬೆಲೆ ಏರಿದ ಪರಿ. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದು 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಊರಿನ ಮಕ್ಕಳು ಊರಿನಲ್ಲೇ ನಾಲ್ಕು ಗುಂಟೆ ಕೊಳ್ಳುವ ಮಾತು ಇನ್ನಷ್ಟು ದೂರವಾಯಿತು.

ಇನ್ನು ದುಡ್ಡಿನ ಮಾತು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ 2016ರಲ್ಲಿ ಶುರುವಾದಾಗ ಬಯಲುಸೀಮೆಯ ಮನೆಗೆ ನೆರವು 1.20 ಲಕ್ಷ ರೂಪಾಯಿ, ಗುಡ್ಡಗಾಡು ರಾಜ್ಯಗಳಿಗೆ ಮತ್ತು ದುರ್ಗಮ ಪ್ರದೇಶಗಳಿಗೆ 1.30 ಲಕ್ಷ ಎಂದು ನಿಗದಿಯಾಯಿತು. 2024ರಲ್ಲಿ ಯೋಜನೆಯನ್ನು ಮುಂದುವರಿಸಿದಾಗಲೂ ಅದೇ ಮೊತ್ತ. ಉದ್ಯೋಗ ಖಾತ್ರಿಯ 90 ದಿನದ ಕೂಲಿ, ಶೌಚಾಲಯಕ್ಕೆ 12,000 ರೂಪಾಯಿ ಬೇರೆ. ರಾಜ್ಯದ ಬಸವ ವಸತಿ, ಅಂಬೇಡ್ಕರ್ ನಿವಾಸ ಯೋಜನೆಗಳನ್ನು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ನೋಡಿಕೊಳ್ಳುತ್ತದೆ, ಊರಿನ ಹಿರಿಯರು ಇವೆಲ್ಲಕ್ಕೂ ಸೇರಿಸಿ ‘ಆಶ್ರಯ ಮನೆ’ ಎಂದೇ ಹೇಳುತ್ತಾರೆ. ಕೇಂದ್ರದ ಯೋಜನೆಯಲ್ಲಿ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ಸುಮಾರು 269 ಚದರ ಅಡಿ. ಶಿರಸಿಯ ನಮ್ಮ ತವರುಮನೆಯ ಜಗುಲಿಯೊಂದೇ ಅದಕ್ಕಿಂತ ದೊಡ್ಡದು.

ಅಳತೆಗಿಂತ ನನ್ನನ್ನು ಕಾಡಿದ್ದು ಮಾಡು, ಅಂದರೆ ಛಾವಣಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕರಾವಳಿಯಲ್ಲಿ, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ, ಹಳಬರು ಮನೆ ಕಟ್ಟುವಾಗ ಮೊದಲು ಯೋಚಿಸುತ್ತಿದ್ದದ್ದು ನೀರು ಎತ್ತ ಇಳಿಯಬೇಕು ಎಂದು. ಚಿರೇಕಲ್ಲಿನ ಗೋಡೆ, ಇಳಿಜಾರು ಮಾಡು, ಅದರ ಮೇಲೆ ಮಂಗಳೂರು ಹಂಚು ಅಥವಾ ಸೋಗೆ, ಗೋಡೆಯಿಂದ ಎರಡು ಮೂರು ಅಡಿ ಹೊರಚಾಚಿದ ಸೂರು, ಆ ಸೂರಿನ ಅಡಿಯಲ್ಲಿ ಕಟ್ಟಿಗೆ ಒಟ್ಟುವ ಜಾಗ. ಮೇ ತಿಂಗಳ ಕೊನೆಯಲ್ಲಿ ಪಡುಗಾಳಿಯ ಕಡೆಗೆ ಸೋಗೆ, ಮಡ್ಲಿನ (ಹೆಣೆದ ತೆಂಗಿನ ಗರಿಯ) ತಟ್ಟಿ ಕಟ್ಟುವುದು, ದಸರೆಯ ಹೊತ್ತಿಗೆ ಬಿಚ್ಚುವುದು. ಯೋಜನೆಯ ದುಡ್ಡಿನಲ್ಲಿ ಹಂಚಿನ ಮಾಡಿಗೆ ಮರ ಕೊಳ್ಳಲು ಆಗದು, ಹಂಚು ಹೊರುವ ಮರದ ಪಕಾಸೆಗೆ ಇಂದಿನ ದರ ಕೇಳಿದರೆ ಮಂಜೂರಾದ ದುಡ್ಡಿನ ಬಹುಪಾಲು ಅಲ್ಲೇ ಮುಗಿಯುತ್ತದೆ. ಹಾಗಾಗಿ ಸಿಮೆಂಟ್ ಬ್ಲಾಕಿನ ಗೋಡೆ, ಮೇಲೆ ಸಪಾಟು ಸ್ಲ್ಯಾಬ್. ಮೂರನೆಯ ಮಳೆಗಾಲಕ್ಕೆ ಸ್ಲ್ಯಾಬ್ ಬೆವರಲು ಶುರುವಾಗುತ್ತದೆ, ಐದನೆಯದಕ್ಕೆ ಒಳಗೆ ಪಾತ್ರೆ ಇಡಬೇಕಾಗುತ್ತದೆ. ಆಮೇಲೆ ಮಹಿಳಾ ಸಂಘದಲ್ಲಿ ಸಾಲ ತೆಗೆದು ಸ್ಲ್ಯಾಬಿನ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ತಗಡಿನ ಶೀಟು ಹೊದಿಸುತ್ತಾರೆ. ನಮ್ಮ ಪಂಚಾಯತಿಯಲ್ಲಿ ಒಂದು ಕೇರಿಯಲ್ಲಿ ನಾನೇ ಎಣಿಸಿದ ಹನ್ನೊಂದು ಮನೆಗಳಲ್ಲಿ ಎಂಟಕ್ಕೆ ಹೀಗೆ ಎರಡೆರಡು ಮಾಡು ಇತ್ತು, ಒಂದು ಸರ್ಕಾರದ್ದು, ಇನ್ನೊಂದು ಸಾಲದ್ದು.

ಅಕ್ಕನ ಮನೆಗೆ ಕೊನೆಗೆ ಜಾಗ ಸಿಕ್ಕಿದ್ದು ಸರ್ಕಾರದಿಂದಲ್ಲ. ಹೊಳೆಯ ಈಚೆ ಅವರ ತಮ್ಮನ ನಾಲ್ಕು ಗುಂಟೆ ಹಿತ್ತಲಿತ್ತು. ಅದೂ ಅಜ್ಜನ ಹೆಸರಿನಲ್ಲಿ. ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಿ, ಜಾಗ ಬೇರೆ ಮಾಡಿ ತೋರಿಸುವ 11ಇ ನಕ್ಷೆಗೆ ಹಣ ಕಟ್ಟಿ, ಸರ್ವೆಯವರ ದಾರಿ ಕಾದು, ತಮ್ಮನಿಂದ ಒಪ್ಪಿಗೆ ಪತ್ರ ಬರೆಸಿ, ಪಂಚಾಯತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11 (ಪಂಚಾಯತಿಯ ಆಸ್ತಿ ದಾಖಲೆಗಳು) ತೆಗೆಸುವಷ್ಟರಲ್ಲಿ 2018 ಮುಗಿದು 2019 ಬಂದಿತ್ತು. ಟೇಪು ಹಿಡಿದು ಅಳತೆ ಮಾಡಿದ ದಿನ ನಾನೂ ಹೋಗಿದ್ದೆ. ಮಂಜೂರಾತಿಯ ನಕ್ಷೆಯಲ್ಲಿ ಮನೆ ಹಿತ್ತಲಿನ ಕೆಳಮೂಲೆಯಲ್ಲಿತ್ತು, ಅಲ್ಲಿ ನೆಲ ಸಪಾಟಾಗಿತ್ತು. ಅಕ್ಕ ಅಲ್ಲಿ ನಿಂತು ತಲೆಯಾಡಿಸಿದರು. ಆ ಮೂಲೆಯಲ್ಲಿದ್ದ ಹಳೆಯ ತೆಂಗಿನ ಮರದ ಬುಡದಲ್ಲಿ ಒಂದು ಕೈಯಷ್ಟು ಎತ್ತರಕ್ಕೆ ಕೆಸರಿನ ಬಣ್ಣದ ಗೆರೆಯನ್ನು ತೋರಿಸಿದರು. ಮೇಲ್ಮೂಲೆಗೆ, ಸುಮಾರು ನಲವತ್ತು ಅಡಿ ಆಚೆ, ಧರೆಯಿಂದ (ಕಡಿದಾದ ಮಣ್ಣಿನ ದಿಬ್ಬದಿಂದ) ಸಾಕಷ್ಟು ದೂರ ಬಿಟ್ಟು, ಅಲ್ಲಿ ಪಂಚಾಂಗ ಹಾಕಿಸಿದರು. (ಪಂಚಾಂಗವೆಂದರೆ ನಮ್ಮ ಕಡೆ ಮನೆಯ ತಳಪಾಯ, ತಿಥಿ ನೋಡುವ ಪಂಚಾಂಗವಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ‘ಅವ್ರ ಮನೆ ಪಂಚಾಂಗ ಆಯ್ತು’ ಎಂದರೆ ಭಟ್ಟರು ಬಂದು ಹೋದರೆಂದು ತಿಳಿದಿದ್ದೆ.)

ತಳಪಾಯ, ಗೋಡೆ, ಛಾವಣಿ ಎಂದು ಹಂತ ಹಂತವಾಗಿ ಫೋಟೋ ತೆಗೆದು ಮೊಬೈಲಿನಿಂದ ಕಳಿಸಿದರೆ ಮಾತ್ರ ಕಂತು ಬಿಡುಗಡೆ. ಫೋಟೋದ ಜೊತೆ ಜಾಗದ ಅಕ್ಷಾಂಶ, ರೇಖಾಂಶವೂ ಹೋಗುತ್ತದೆ. ತಳಪಾಯದ ಫೋಟೋ ಕಳಿಸಿದಾಗ ಜಾಗ ತಾಳೆಯಾಗಲಿಲ್ಲ ಎಂಬ ಕಾರಣಕ್ಕೆ ಕಂತು ನಿಂತಿತು. ಹೊಳೆಯ ಗೆರೆ ನೋಡಿ ಮನೆಯನ್ನು ಮೇಲಕ್ಕೆ ಸರಿಸಿದ್ದಕ್ಕೆ ಅರ್ಜಿಯಲ್ಲಿ ಬರೆಯಲು ಜಾಗವೇ ಇರಲಿಲ್ಲ. ಅದನ್ನು ಸರಿಪಡಿಸಲು ಏಪ್ರಿಲ್, ಮೇ ಎರಡು ತಿಂಗಳು ಹೋದವು. ಅಷ್ಟರಲ್ಲಿ ಮರಳು ಸಿಗುವುದು ನಿಂತು ಮಳೆ ಹಿಡಿಯಿತು. ಆ ಆಗಸ್ಟಿನಲ್ಲಿ ಅಘನಾಶಿನಿ ಉಕ್ಕಿ ನಮ್ಮ ಕಡೆಯ ಗಜನಿ, ಗದ್ದೆ, ಕೇರಿಗಳೆಲ್ಲ ಒಂದೇ ನೀರಾದವು. ನಕ್ಷೆಯಲ್ಲಿ ಮನೆಯಿದ್ದ ಕೆಳಮೂಲೆಯಲ್ಲಿ ಸೊಂಟದ ಮಟ್ಟಕ್ಕೆ ನೀರು ನಿಂತಿತು. ಅರ್ಧ ಕಟ್ಟಿದ ಪಂಚಾಂಗದ ಮೊದಲ ಕಲ್ಲಿನವರೆಗೆ ಬಂದು ನೀರು ಇಳಿಯಿತು. ಅಣೆಕಟ್ಟಿಲ್ಲದ ಹೊಳೆ ಇದು, ಎಲ್ಲಿಯವರೆಗೆ ಬರುತ್ತದೆ ಎಂದು ಅದರ ದಂಡೆಯಲ್ಲಿ ಮೂರು ತಲೆಮಾರು ಬದುಕಿದವರಿಗೆ ಗೊತ್ತು. ಅದನ್ನು ಕೇಳಿ ಬರೆದುಕೊಳ್ಳುವ ಒಂದು ಹಾಳೆ ಮಾತ್ರ ಯಾವ ಕಡತದಲ್ಲೂ ಇಲ್ಲ.

ಯೋಜನೆ ಎಂಬ ಶಬ್ದಕ್ಕೆ ನಮ್ಮಲ್ಲಿ ಎರಡು ಅರ್ಥ ಬಂದುಬಿಟ್ಟಿರುವುದೇ ತೊಂದರೆ ಎಂದು ನನಗನಿಸುತ್ತದೆ. ಹಣ ಹಂಚುವ ಸ್ಕೀಮಿಗೂ ಯೋಜನೆ ಎನ್ನುತ್ತೇವೆ, ಮುಂದಾಲೋಚಿಸಿ ಊರನ್ನು ಜೋಡಿಸುವುದಕ್ಕೂ ಯೋಜನೆ ಎನ್ನುತ್ತೇವೆ. ಮೊದಲನೆಯದು ಬೇಕಾದಷ್ಟಿದೆ. ಎರಡನೆಯದಕ್ಕೆ ಪಟ್ಟಣದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ಅದರ ಪ್ರಾಧಿಕಾರ, ಬಣ್ಣ ಬಣ್ಣದ ನಕ್ಷೆಗಳಿವೆ. ಹೆಸರಿನಲ್ಲಿ ಗ್ರಾಮಾಂತರ ಇದ್ದರೂ ಹಳ್ಳಿಯ ಪಾಲಿಗೆ ಉಳಿದಿರುವುದು ಪಂಚಾಯತಿಯ ವಾರ್ಷಿಕ ಕ್ರಿಯಾಯೋಜನೆ, ಅದು ಚರಂಡಿ, ಕಾಲುಸಂಕ, ಬೋರ್‌ವೆಲ್ಲುಗಳ ಪಟ್ಟಿ. ನಮ್ಮ ಪಂಚಾಯತಿಯಲ್ಲಿ ಐದು ವರ್ಷದಲ್ಲಿ ‘ಮುಂದಿನ ಇಪ್ಪತ್ತು ವರ್ಷಕ್ಕೆ ನಮ್ಮ ಮಕ್ಕಳ ಮನೆಗಳು ಎಲ್ಲಿ ಏಳಬೇಕು’ ಎಂಬ ಚರ್ಚೆ ಒಮ್ಮೆಯೂ ಆಗಲಿಲ್ಲ. ನಾನೂ ಎತ್ತಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಹಿಂದೆ ಊರು ಜೋಡಿಸುವ ತಿಳಿವಳಿಕೆ ಇರಲಿಲ್ಲವೆಂದಲ್ಲ. ಅಂಕೋಲೆ, ಕುಮಟೆಯ ಕಡೆ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳನ್ನು, ಅಂದರೆ ಅವರ ಕೇರಿಗಳನ್ನು, ನೋಡಿದವರಿಗೆ ಇದು ತಿಳಿಯುತ್ತದೆ. ಗದ್ದೆಗಿಂತ ತುಸು ಮೇಲೆ, ಗುಡ್ಡದ ಬುಡಕ್ಕಿಂತ ತುಸು ಕೆಳಗೆ, ಒತ್ತಾದ ಮನೆಗಳು, ಸಗಣಿ ಸಾರಿಸಿದ ಅಂಗಳಗಳು, ಪ್ರತಿ ಅಂಗಳದಲ್ಲಿ ತುಳಸಿಕಟ್ಟೆ. ಕೊಪ್ಪಕ್ಕೊಬ್ಬ ಯಜಮಾನ ಗೌಡ, ಸಲಹೆ ಹೇಳುವ ಬುದವಂತ, ಸುದ್ದಿ ಮುಟ್ಟಿಸುವ ಕೋಲಕಾರ, ಜಾಗದ ತಕರಾರು ಅವರ ಮುಂದೆಯೇ ತೀರುತ್ತಿತ್ತು. ಅದನ್ನು ಹಾಗೆಯೇ ಮರಳಿ ತರಬೇಕೆಂದು ಹೇಳುವುದಿಲ್ಲ, ಅಲ್ಲಿಯೂ ಹೊರಗಿಡುವುದು ಇತ್ತು, ಹೆಂಗಸರ ಮಾತಿಗೆ ಜಾಗ ಕಡಿಮೆಯಿತ್ತು. ಆದರೆ ಗದ್ದೆಯನ್ನು ಕೆಡಿಸದೆ, ಧರೆಯನ್ನು ಕಡಿಯದೆ, ಕಡಿಮೆ ನೆಲದಲ್ಲಿ ಹೆಚ್ಚು ಮನೆ ಕೂರಿಸುವ ಲೆಕ್ಕ ಅದರಲ್ಲಿತ್ತು. ಈಗ ನಾವು ಒಬ್ಬೊಬ್ಬರಿಗೆ ಒಂದೊಂದು ಕಡೆ ಗುಡ್ಡ ಕಡಿದು ಮನೆಯಡಿಗೆ ಜಾಗ ಮಾಡುತ್ತೇವೆ, ಜೆಸಿಬಿಗೆ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಮನೆಯ ಹಿಂದೆ ನೆಟ್ಟಗೆ ನಿಂತ ಹಸಿ ಮಣ್ಣಿನ ಗೋಡೆಯೊಂದನ್ನು ತಂದುಕೊಳ್ಳುತ್ತೇವೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಜಾರಿ ತೋಟ, ಮನೆ, ರಸ್ತೆಗಳು ಹೋದವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು ಗಂಗಾವಳಿಗೆ ಬಿದ್ದಾಗ, ಎದುರು ದಂಡೆಯ ಉಳುವರೆಯ ಮನೆಗಳಿಗೆ ನೀರು ಅಪ್ಪಳಿಸಿತು. ಉಳುವರೆಯವರು ಯಾವ ಗುಡ್ಡವನ್ನೂ ಕಡಿದಿರಲಿಲ್ಲ.

ಇಡೀ ಊರನ್ನೇ ಎತ್ತಿ ಬೇರೆ ಕಡೆ ಇಡುವ ಅನುಭವವೂ ಈ ಜಿಲ್ಲೆಗೆ ಹೊಸದಲ್ಲ. ಕಾಳಿ ಹೊಳೆಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಪಟ್ಟಣ ನೀರಿನಡಿ ಹೋಯಿತು. ಕಾರವಾರ, ಅಂಕೋಲೆಗಳ ನಡುವೆ ಸೀಬರ್ಡ್ ನೌಕಾನೆಲೆಗಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದವು. ಅದಕ್ಕೆ ಅಡಿಗಲ್ಲು ಬಿದ್ದದ್ದು 1986ರಲ್ಲಿ, ಪರಿಹಾರದ ಮೊಕದ್ದಮೆಗಳು ಮುಂದೆ ದಶಕಗಳವರೆಗೆ ನಡೆದವು. ತೋಡೂರು, ಮುದಗಾದಂಥ ಕಡೆ ಪುನರ್ವಸತಿ ಕಾಲನಿಗಳಿವೆ, ಸಾಲಾಗಿ ಅಳೆದ ನಿವೇಶನಗಳಿವೆ. ಅಲ್ಲಿಗೆ ನೆಂಟರ ಮನೆಗೆಂದು ಹೋದಾಗ ನನಗೆ ಎದ್ದು ಕಂಡದ್ದು ಒಂದು ಮನೆಯ ಅಂಗಳದಲ್ಲಿ ತೆಂಗಿನ ಗರಿ ಮುಚ್ಚಿ ಇಟ್ಟಿದ್ದ ದೋಣಿ. ರಸ್ತೆ, ವಿದ್ಯುತ್ತು, ನಳದ ನೀರು ಎಲ್ಲ ಲೆಕ್ಕ ಹಾಕಿ ಹಂಚಿದ ಆ ನಿವೇಶನದಲ್ಲಿ ದೋಣಿಯನ್ನು ನೀರಿಗೆ ಇಳಿಸುವ ದಾರಿಯ ಲೆಕ್ಕ ಯಾರೂ ಹಾಕಿರಲಿಲ್ಲ.

ನನ್ನನ್ನು ಕೇಳಿದರೆ, ಮೊದಲ ಕೆಲಸ ಪ್ರತಿ ಪಂಚಾಯತಿಯಲ್ಲಿ ಪಹಣಿ, ಅರಣ್ಯದ ಗೆರೆ, ನೆರೆನೀರಿನ ಗೆರೆ, ಧರೆಗಳನ್ನು ಒಂದೇ ಹಾಳೆಯ ಮೇಲೆ ತರುವುದು. ಗಾಂವಠಾಣದ, ಅಂದರೆ ಊರಿನ ವಸತಿ ಜಾಗದ, ಮನೆಗಳನ್ನು ಡ್ರೋನಿನಿಂದ ಅಳೆಯುವ ಸ್ವಾಮಿತ್ವ ಯೋಜನೆ 2020ರಲ್ಲೇ ಬಂದಿದೆ, ಅದೇ ಡ್ರೋನನ್ನು ಇನ್ನೂ ಅರ್ಧ ಮೈಲಿ ಹಾರಿಸಿದರೆ ಹಾಡಿಯ ಅಂಚಿನ ಕೇರಿಗಳೂ ಕಾಣುತ್ತವೆ. ಕಾಡೆಂಬ ಹೆಸರು ಮಾತ್ರ ಉಳಿದು ತಲೆಮಾರುಗಳಿಂದ ಊರಾಗಿರುವ ತುಂಡುಗಳನ್ನು ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲೇ ತೀರ್ಮಾನಿಸಬಹುದು, ಹೊಸ ಕಾನೂನು ಬೇಕಿಲ್ಲ. ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಎಂದು ಅರ್ಥವಾಗುವ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕೊಟ್ಟರೂ ದೊಡ್ಡದು. ಇಳಿಜಾರು ಮಾಡಿಗೆ ಬೇರೆ ದರ ಇಡುವುದು ಅದಕ್ಕಿಂತ ಸುಲಭ.

ಅಕ್ಕನ ಮನೆ 2020ರ ಬೇಸಿಗೆಯಲ್ಲಿ, ಲಾಕ್‌ಡೌನಿನ ನಡುವೆ, ಊರಿನ ಹುಡುಗರೇ ಸೇರಿ ಸ್ಲ್ಯಾಬ್ ಹಾಕಿ ಮುಗಿಯಿತು. ಕಳೆದ ಮೇ ತಿಂಗಳ ಕೊನೆಯಲ್ಲಿ ಹೋದಾಗ ಅವರು ಮುಂಬಾಗಿಲ ಎದುರು ಮಡ್ಲಿನ ತಟ್ಟಿ ಕಟ್ಟುತ್ತಿದ್ದರು. “ಆ ತುದಿ ಹಿಡ್ಕೋ ತಂಗಿ” ಎಂದರು. ಹಗ್ಗ ಬಿಗಿಯುವಷ್ಟು ಹೊತ್ತು ಹಿಡಿದು ನಿಂತೆ. ಒಳಗೆ ತಮ್ಮನ ಮಗ ಮಂಚದ ಮೇಲೆ ಕುಳಿತು ವಸತಿ ಅರ್ಜಿ ತುಂಬುತ್ತಿದ್ದ, ಅವನಿಗೆ ಆ ವರ್ಷ ಮದುವೆ ನಿಶ್ಚಯವಾಗಿತ್ತು. ನಿವೇಶನದ ವಿವರ ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದ. ಅಕ್ಕ ತಟ್ಟಿಯ ಆಚೆಯಿಂದಲೇ, “ಇದೇ ಹಿತ್ಲು ಅಂತ ಬರಿ” ಎಂದರು. ನಾಲ್ಕು ಗುಂಟೆಯಲ್ಲಿ ಆಗಲೇ ಎರಡು ಮನೆ, ಒಂದು ಕೊಟ್ಟಿಗೆ, ಒಂದು ಬಾವಿ ಇದ್ದವು. ಉಳಿದದ್ದು ಆ ಕೆಳಮೂಲೆ.